ಒಂದು ಲೋಟ ಹಸಿ ಹಾಲು

ಮಾರ್ಚ್ ೪

ಪುಟ್ಟೀ,

ನೀನು ಹೇಳಿದಂತೆ ಫೋನ್ ಮಾಡದೆ ಕಾಗದವನ್ನೇ ಬರೆಯುತ್ತಿದ್ದೇನೆ. "ಫೋನಲ್ಲಿ ನನ್ನ ಮಾತು ಮುಗಿಯೋಕೆ ನೀನು ಬಿಡಲ್ಲ. ಕಾಗದದಲ್ಲಾದ್ರೆ ಮಧ್ಯ ಬಾಯಿ ಹಾಕೋಕಾಗಲ್ಲ" ಅಂದೆಯಲ್ಲ, ಅದಕ್ಕೇ. ವರ್ಷವಿಡೀ ಮಾತು ಬಿಟ್ಟವಳು ಬಾಗಿಲು ತೆಗೆದೆ, ಒಳಗೆ ಕರೆದೆ, ಹೊಟ್ಟೆಯಲ್ಲಿ ಮಗು ಇದೆ ಅಂತ ನನ್ನ ಕೈ ಹಿಡಿದು ಹೇಳಿದೆ. ನನಗೆ ಅಷ್ಟೇ ಸಾಕು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ನಾನು ಯಾಕೆ ಒಬ್ಬಳೇ ನಗುತ್ತಿದ್ದೇನೆ ಅಂತ ಎರಡು ಸಲ ತಿರುಗಿ ನೋಡಿದಳು.

ಇನ್ನೊಂದು ಸಂಗತಿ. ನೀನು ಆಗತಾನೆ ಕರೆದು ತಂದ, ಒಲೆಯ ಮುಖ ಕಾಣದ ಮೇಕೆಯ ಹಾಲನ್ನು ನಾನು ತುಟಿಪಿಟಕ್ಕೆನ್ನದೆ ಕುಡಿದೆನಲ್ಲ, ಆಗ ನಿನ್ನ ಗಂಡನ ಮುಖ ನೋಡಬೇಕಿತ್ತು. ಹಾಲು ಕಾಯಿಸು, ಕೈ ತೊಳೆ ಎಂದು ಜಗತ್ತಿನ ತಲೆ ತಿನ್ನುವ ನಾನು ಗಟಗಟ ಕುಡಿದು ಲೋಟ ಕೆಳಗಿಟ್ಟೆ. ಕುಡಿಯದಿದ್ದರೆ ನೀನು ಮತ್ತೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಚೆನ್ನಾಗಿಯೇ ಇತ್ತು ಬಿಡು.

ಇಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಎಲ್ಲ ಹಳೆಯದೇ. ಇವತ್ತು ಬೆಳಗಿನಿಂದ ಅಗರ್ ಮಾಡುವುದರಲ್ಲೇ ಆಯಿತು. ಕಡಲಪಾಚಿಯ ಪುಡಿಯನ್ನು ನೀರಿನಲ್ಲಿ ಕರಗಿಸಿ, ಕುಕ್ಕರಿನ ದೊಡ್ಡಣ್ಣನಂಥ ಯಂತ್ರದಲ್ಲಿ ಬೇಯಿಸಿ, ಆರಿದ ಮೇಲೆ ಕುರಿಯ ರಕ್ತ ಬೆರೆಸಿ, ರೋಗಾಣು ಬೆಳೆಸಿ ನೋಡುವ ಪ್ಲೇಟುಗಳಿಗೆ ಸುರಿಯುವುದು. ಬಿಸಿ ಹೆಚ್ಚಿದ್ದರೆ ರಕ್ತ ಕಂದುಗಟ್ಟುತ್ತದೆ, ಕಡಿಮೆಯಾದರೆ ಅಗರ್ ಗಂಟುಗಂಟಾಗುತ್ತದೆ. ಥರ್ಮಾಮೀಟರ್ ಇದೆ, ಆದರೂ ನಾನು ಫ್ಲಾಸ್ಕನ್ನು ಕೆನ್ನೆಗೆ ಮುಟ್ಟಿಸಿಯೇ ನೋಡುವುದು. ಹೊಸ ಹುಡುಗಿಯರು ನಗುತ್ತಾರೆ. ನನಗೆ ಅವರಿಟ್ಟ ಹೆಸರು ನಿನಗೆ ಗೊತ್ತಲ್ಲ, ಮೂಗಮ್ಮ. ಪ್ಲೇಟಿನ ಮುಚ್ಚಳ ಎತ್ತಿ ಒಮ್ಮೆ ಮೂಸಿದರೆ ಒಳಗೆ ಬೆಳೆದಿರುವವನು ಯಾರೆಂದು ಅರ್ಧ ಹೇಳಿಬಿಡುತ್ತೇನೆ. ಒಬ್ಬನಿಗೆ ದ್ರಾಕ್ಷಿಯ ವಾಸನೆ, ಇನ್ನೊಬ್ಬನಿಗೆ ಇಲಿಬಿಲದ್ದು. ಮೂಸಬಾರದು ಎಂದು ಗೋಡೆಯ ಮೇಲೆ ಬರೆದಿದೆ. ಗೋಡೆಯ ಮೇಲೆ ಬಹಳ ಬರೆದಿದೆ.

ಹೆಚ್ಚು ಬಗ್ಗಬೇಡ. ಭಾರ ಎತ್ತಬೇಡ. ಇಷ್ಟೇ, ಇನ್ನು ಉಪದೇಶ ಇಲ್ಲ.

ನಿನ್ನ
ಅಕ್ಕ


ಮಾರ್ಚ್ ೧೯

ಅಕ್ಕಾ,

"ಉಪದೇಶ ಇಲ್ಲ" ಅಂತ ಬರೆಯುವ ಮೊದಲೇ ಎರಡು ಉಪದೇಶ ಮಾಡಿದ್ದೀಯ. ಲೆಕ್ಕ ಇಟ್ಟಿದ್ದೇನೆ.

ಕೊಟ್ಟಿಗೆಯಲ್ಲಿ ಈ ಸಲ ಗ್ರಹಚಾರ ಸರಿಯಿಲ್ಲ. ಕಪ್ಪು ಮೇಕೆ ದಿನ ತುಂಬುವ ಮೊದಲೇ ಕಂದು ಹಾಕಿತು. ಅದರ ಹಿಂದೆಯೇ ಚುಕ್ಕಿಯದೂ ಹಾಗೇ ಆಯಿತು. ಸತ್ತ ಮರಿಗಳನ್ನು ನಾನೇ ಎತ್ತಿ ಹಾಕಿದೆ, ನೆಲ ತೊಳೆದೆ. ನನ್ನವರಿಗೆ ರಕ್ತ ಕಂಡರೆ ತಲೆ ಸುತ್ತುತ್ತದೆ, ಮೇಕೆ ಸಾಕುವವನಿಗೆ ಇದೆಂಥ ವರವೋ. ಚುಕ್ಕಿ ರಾತ್ರಿಯೆಲ್ಲ ಮರಿಗಾಗಿ ಕೂಗಿತು. ನನಗೆ ತಡೆಯಲಾಗದೆ ಹೋಗಿ ಅದರ ಪಕ್ಕ ಕೂತೆ. ನನಗೆ ಮಾತ್ರ ಯಾಕೆ ಕೂತೆ ಅಂತ ಗೊತ್ತು, ಅದಕ್ಕೆ ಗೊತ್ತಿತ್ತೋ ಇಲ್ಲವೋ.

ನನಗೆ ಸಂಜೆಯಾದರೆ ಮೈ ಕಾವೇರುತ್ತದೆ. ಬೆಳಿಗ್ಗೆ ನೋಡಿದರೆ ದಿಂಬು ಹಿಂಡಿದರೆ ನೀರು ಬರುವಷ್ಟು ಬೆವರು. ಸೊಂಟ ಹಿಡಿದುಕೊಂಡಿದೆ. ಬಸಿರು ಅಂದರೆ ಇದೆಲ್ಲ ಇದ್ದದ್ದೇ ಅಂತ ಪಕ್ಕದ ಮನೆಯಾಕೆ ಹೇಳಿದಳು. ಅವಳು ನಾಲ್ಕು ಹೆತ್ತವಳು, ನಿನ್ನ ಪ್ಲೇಟುಗಳಿಗಿಂತ ಅವಳಿಗೆ ಹೆಚ್ಚು ಗೊತ್ತು. ಮಧ್ಯ ಬಾಯಿ ಹಾಕಬೇಡ.

ಪುಟ್ಟಿ


ಏಪ್ರಿಲ್ ೧೧

ಪುಟ್ಟೀ,

ಈ ಕಾಗದವನ್ನು ಕೂತು ಓದು. ನಿನ್ನ ಗಂಡನನ್ನು ಪಕ್ಕದಲ್ಲಿ ಕೂರಿಸಿಕೋ.

ನಿಮ್ಮ ಊರಿನ ದಾರಿಯಲ್ಲಿ ಬಸ್ ಓಡಿಸುವ ಒಬ್ಬ ಡ್ರೈವರ್ ನಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾರೆ. ಬಿಟ್ಟು ಬಿಟ್ಟು ಬರುವ ಜ್ವರ, ಸಂಜೆಗೇ ಏರುವುದು, ಬೆವರು, ಸೊಂಟನೋವು. ಅವರ ರಕ್ತವನ್ನು ನಾನೇ ಅಗರ್ ಮೇಲೆ ಹಾಕಿದ್ದೆ. ಒಂದೆರಡು ದಿನ ಏನೂ ಬೆಳೆಯಲಿಲ್ಲ. ಬೇರೆಯವರಾಗಿದ್ದರೆ ಎಸೆದುಬಿಡುತ್ತಿದ್ದರು, ನಾನು ಇನ್ನೂ ಇರಲಿ ಎಂದು ಬೆಚ್ಚನೆಯ ಪೆಟ್ಟಿಗೆಯೊಳಗೇ ಇಟ್ಟೆ. ಇವತ್ತು ಬೆಳಿಗ್ಗೆ ತೆಗೆದು ದೀಪಕ್ಕೆ ಹಿಡಿದರೆ ಇಬ್ಬನಿಗಿಂತ ಸಣ್ಣ ಹನಿಗಳು ಮೂಡಿದ್ದವು. ಕೈ ತನ್ನಷ್ಟಕ್ಕೆ ಮುಚ್ಚಳ ಎತ್ತಿತು, ಮೂಗು ತನ್ನಷ್ಟಕ್ಕೆ ಬಗ್ಗಿತು.

ಯಾವ ವಾಸನೆಯೂ ಬರಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಮೂಗು ಹೀಗೆ ಪೂರ್ತಿ ಸೋತದ್ದು ನೆನಪಿಲ್ಲ.

ಆಮೇಲೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ನುಣ್ಣನೆಯ ಮರಳು ಚೆಲ್ಲಿದಂತೆ ಕೆಂಪು ಚುಕ್ಕಿಗಳು. ಕರುಳಿನ ರೋಗಾಣುಗಳಿಗೆಂದು ಮಾಡುವ ಇನ್ನೊಂದು ಬಗೆಯ ಅಗರ್ ಮೇಲೆ ಇದು ಬೆಳೆದೇ ಇರಲಿಲ್ಲ. ಯೂರಿಯಾ ಹಾಕಿದ ಟ್ಯೂಬಿಗೆ ಮುಟ್ಟಿಸಿದರೆ ನೋಡನೋಡುತ್ತಲೇ ಗುಲಾಬಿ ಬಣ್ಣಕ್ಕೆ ತಿರುಗಿತು. ಮೇಕೆ, ದನ ಕಂದು ಹಾಕುತ್ತವಲ್ಲ, ಆ ಕಂದು ರೋಗದ್ದೇ ಈ ರೋಗಾಣು. ಹಸಿ ಹಾಲಿನಲ್ಲಿ ಮನುಷ್ಯರಿಗೆ ಬರುತ್ತದೆ, ಸತ್ತ ಮರಿಯನ್ನು ಬರಿಗೈಯಲ್ಲಿ ಎತ್ತಿದರೆ ಬರುತ್ತದೆ. ಪ್ಲೇಟನ್ನು ಮೂಸಿದರೂ ಬರುತ್ತದೆ. ಗೋಡೆಯ ಮೇಲಿನ ಬರಹ ಇದಕ್ಕಾಗಿಯೇ ಇದ್ದದ್ದು.

ತಕ್ಷಣ ದೊಡ್ಡ ಡಾಕ್ಟರಿಗೆ ಹೇಳಿದೆ. ನಾನೂ ಸೇರಿ ಲ್ಯಾಬಿನ ಕೋಣೆಯಲ್ಲಿದ್ದ ನಾಲ್ವರಿಗೂ ಮಾತ್ರೆ ಶುರುವಾಗಿದೆ. ಮುಂದೆ ಹೋಲಿಸಿ ನೋಡಲು ಬೇಕೆಂದು ಸಂಜೆಯೊಳಗೆ ಎಲ್ಲರ ರಕ್ತ ತೆಗೆದು ಬೇರೆ ಲ್ಯಾಬಿಗೆ ಕಳಿಸಿದ್ದಾರೆ. ಇವತ್ತು ಯಾರೂ ನನ್ನನ್ನು ಮೂಗಮ್ಮ ಎನ್ನಲಿಲ್ಲ.

ಡ್ರೈವರು ಮೇಕೆಯ ಹಸಿ ಹಾಲು ಕುಡಿಯುತ್ತಾರಂತೆ. ಯಾರಿಂದ ತರುತ್ತೀರಿ ಎಂದರೆ ಬಾಯಿ ಬಿಡುತ್ತಿಲ್ಲ. "ಪಾಪ, ಬಸುರಿ ಹೆಣ್ಣುಮಗಳು. ಅವಳ ಹೊಟ್ಟೆ ಮೇಲೆ ನಾನು ಹೊಡೆಯಲ್ಲ" ಅಂದರು.

ಪುಟ್ಟೀ, ಬಸುರಿಗೆ ಈ ರೋಗ ಬಂದರೆ ಮಗು ನಿಲ್ಲದೆ ಹೋಗಬಹುದು. ಔಷಧ ಇದೆ, ಬೇಗ ಶುರುಮಾಡಬೇಕು ಅಷ್ಟೆ. ನಾಳೆಯೇ ಹೋಗಿ ರಕ್ತ ಕೊಡು. ಹಾಲು ಯಾರಿಗೂ ಹಾಕಬೇಡ. ಕೈಮುಗಿದು ಕೇಳುತ್ತೇನೆ.

ಅಕ್ಕ


ಏಪ್ರಿಲ್ ೨೦

ಅಕ್ಕಾ,

ಕೂತೇ ಓದಿದೆ. ಓದಿ ಎದ್ದು ಹೋಗಿ ಹಾಲು ಕರೆದೆ.

ನೀನು ಮಾಡಬಾರದ್ದು ಮಾಡಿ ಮೂಸಿದ್ದೀಯ. ಆ ಹೆದರಿಕೆಯನ್ನು ತಂದು ನನ್ನ ಮನೆಯೊಳಗೆ ಸುರಿಯುತ್ತಿದ್ದೀಯ. ನಮ್ಮ ಊರಿನಲ್ಲಿ ನಾನೊಬ್ಬಳೇ ಮೇಕೆ ಸಾಕುವವಳಾ? ನಾನೊಬ್ಬಳೇ ಬಸುರಿಯಾ? ಕಳೆದ ಸಲ ಮಗು ಹೋಗಿ ನಾನು ಆಸ್ಪತ್ರೆಯ ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಾಗ ನೀನು ಅಂದದ್ದು ನನಗೆ ಅಕ್ಷರಶಃ ನೆನಪಿದೆ. "ಆ ಮೇಕೆಗಳ ಮಧ್ಯ ಬಿದ್ದಿದ್ರೆ ಇನ್ನೇನಾಗತ್ತೆ." ಒಂದು ವರ್ಷ ಕಾದು ಈಗ ಅದಕ್ಕೆ ಸಾಕ್ಷಿ ಹುಡುಕಿಕೊಂಡು ಬಂದಿದ್ದೀಯ.

ಸರಕಾರದವರಿಗೆ ಗೊತ್ತಾದರೆ ಏನಾಗುತ್ತದೆ ಗೊತ್ತಾ? ಬಂದು ಸಾಲಾಗಿ ನಿಲ್ಲಿಸಿ, ರೋಗ ಇದ್ದವನ್ನೆಲ್ಲ ಲಾರಿಗೆ ಹತ್ತಿಸುತ್ತಾರೆ. ಒಂದೊಂದಕ್ಕೂ ನಾನು ಹೆಸರಿಟ್ಟಿದ್ದೇನೆ. ಆ ಡ್ರೈವರ್ ಮಾವ ಹೊರಗಿನವರು, ಅವರೇ ನನ್ನ ಹೆಸರು ಹೇಳಲಿಲ್ಲ. ಒಡಹುಟ್ಟಿದವಳು ನೀನು ಹೇಳುತ್ತೀಯಾ?

ಸೂಜಿ ಚುಚ್ಚಿಸಿಕೊಳ್ಳುವುದಿಲ್ಲ. ನನ್ನ ಮಗು ಚೆನ್ನಾಗಿದೆ.

ಪುಟ್ಟಿ


ಏಪ್ರಿಲ್ ೨೬

ಪುಟ್ಟೀ,

ನನಗೂ ಸಂಜೆ ಜ್ವರ ಬರುತ್ತಿದೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ನೀನು ಫೋನ್ ಎತ್ತುವುದಿಲ್ಲ ಎಂದು ನಿನ್ನ ಗಂಡನಿಗೆ ಮಾಡಿದೆ. "ನಾನು ಹೇಳಿದ್ರೆ ನನ್ನನ್ನೂ ಕೊಟ್ಟಿಗೇಲಿ ಕಟ್ಟಿಹಾಕ್ತಾಳೆ ಅಕ್ಕಾ. ನೀವು ಬರೀರಿ, ಎದುರಿಗೆ ನಿಂತು ಓದಿಸ್ತೀನಿ" ಅಂದರು. ಅವರು ಈಗ ಎದುರಿಗೆ ನಿಂತಿದ್ದಾರೆ ಅಂದುಕೊಂಡಿದ್ದೇನೆ.

ನಮ್ಮ ನಾಲ್ವರ ರಕ್ತದ ವರದಿ ಬಂತು. ಮೂವರದು ಏನೂ ಇಲ್ಲ. ನನ್ನದು ಬಹಳ ಜೋರಾಗಿದೆ.

ಇದರ ಅರ್ಥ ಏನೆಂದು ನಿಧಾನವಾಗಿ ಹೇಳುತ್ತೇನೆ. ಆ ರಕ್ತ ತೆಗೆದದ್ದು ನಾನು ಮೂಸಿದ ದಿನವೇ, ಸಂಜೆ. ರೋಗಾಣು ಒಳಹೊಕ್ಕ ದಿನವೇ ರಕ್ತದಲ್ಲಿ ಅದರ ಗುರುತು ಸಿಗುವುದಿಲ್ಲ, ವಾರಗಳು ಬೇಕು. ವರದಿ ನೋಡಿ ದೊಡ್ಡ ಡಾಕ್ಟರು ಕನ್ನಡಕ ತೆಗೆದು, "ಇದು ಪ್ಲೇಟಿಂದ ಬಂದಿದ್ದಲ್ಲಮ್ಮ. ಆಗ್ಲೇ ನಿಮ್ಮ ಮೈಯಲ್ಲಿತ್ತು. ಹಸಿ ಹಾಲು ಕುಡಿದಿದ್ರಾ?" ಎಂದು ಕೇಳಿದರು. ನಾನು, ಹಸಿ ಹಾಲೆಂದರೆ ಮೈಲಿ ದೂರ ಓಡುವ ನಾನು, ಇಲ್ಲ ಎನ್ನಲು ಬಾಯಿ ತೆರೆದೆ. ಆಗ ನೆನಪಾಯಿತು.

ನನ್ನ ಬದುಕಿನಲ್ಲಿ ಕುಡಿದದ್ದು ಒಂದೇ ಒಂದು ಲೋಟ, ಪುಟ್ಟೀ. ಅದು ನೀನು ಕೊಟ್ಟದ್ದು.

ದೂರಲು ಬರೆಯುತ್ತಿಲ್ಲ. ಇನ್ನೊಮ್ಮೆ ಆ ಬಾಗಿಲಲ್ಲಿ ನಿಂತರೂ, ನೀನು ಕೊಟ್ಟರೆ, ನಾನು ಕುಡಿಯುತ್ತಿದ್ದೆನೇನೋ. ಆದರೆ ಒಂದು ಲೋಟಕ್ಕೆ ನನಗೆ ಇಷ್ಟಾಗಿದ್ದರೆ ದಿನವೂ ಕುಡಿಯುವ, ಸತ್ತ ಮರಿಗಳನ್ನು ಬರಿಗೈಯಲ್ಲಿ ಎತ್ತಿದ ನಿನಗೆ? ನಿನ್ನ ಸಂಜೆಯ ಜ್ವರ ಬಸಿರಿನದಲ್ಲ. ಆ ಜ್ವರ ಹೇಗಿರುತ್ತದೆ ಎಂದು ಈಗ ನನ್ನ ಮೈಗೇ ಗೊತ್ತು.

ನಿನ್ನ ಹೆಸರು ನಾನು ಹೇಳಲೇಬೇಕಾಗುತ್ತದೆ. ಅದೇ ಹಾಲನ್ನು ಮಕ್ಕಳೂ ಕುಡಿಯುತ್ತಿದ್ದಾರೆ. ಬರುವ ಸೋಮವಾರ ಬೆಳಿಗ್ಗೆ ಹೇಳುತ್ತೇನೆ. ಅದಕ್ಕೂ ಮೊದಲು ನೀನೇ ಹೇಳಿಬಿಟ್ಟರೆ ನಿನಗೂ ನನಗೂ ಒಳ್ಳೆಯದು. ನನ್ನ ಮೇಲೆ ಜನ್ಮಪೂರ್ತಿ ಮುನಿಸಿಕೋ, ಚಿಂತೆಯಿಲ್ಲ. ಮಗುವನ್ನು ಉಳಿಸಿಕೋ.

ಅಕ್ಕ


ಮೇ ೨

ಅಕ್ಕಾ,

ಕಾಗದದ ಜೊತೆ ನನ್ನ ರಕ್ತದ ಬಾಟಲಿ ಇದೆ. ಇಲ್ಲಿಯ ನರ್ಸ್ ತೆಗೆದರು, ಇವರು ತರುತ್ತಿದ್ದಾರೆ. ಮೇಕೆ ಡಾಕ್ಟರಿಗೆ ಇವತ್ತು ಬೆಳಿಗ್ಗೆ ನಾನೇ ಹೇಳಿದೆ, ನೀನು ಹೇಳಬೇಕಾಗಿಲ್ಲ.

ಬೇರೆ ಯಾರ ಕೈಗೂ ಕೊಡಬೇಡ. ನೀನೇ ಹಾಕು. ಮೂಸಬೇಡ.

ಪುಟ್ಟಿ


ಮೇ ೧೩

ಪುಟ್ಟೀ,

ಅಲ್ಲಿಯ ಆಸ್ಪತ್ರೆಯ ಡಾಕ್ಟರಮ್ಮ ಕೊಟ್ಟ ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ರಕ್ತದ ಮೊದಲ ಪರೀಕ್ಷೆಯಲ್ಲೇ ಗುರುತು ಸಿಕ್ಕಿದ್ದರಿಂದ ಪ್ಲೇಟಿಗೆ ಕಾಯದೆ ಶುರುಮಾಡಿದ್ದು ಒಳ್ಳೆಯದಾಯಿತು. ಬಸುರಿಯರಿಗೆ ಕೊಡಬಹುದಾದ ಮಾತ್ರೆಗಳೇ ಅವು, ನಾನು ಮೂವರು ಡಾಕ್ಟರುಗಳನ್ನು ಕೇಳಿದ್ದೇನೆ.

ನಿನ್ನ ರಕ್ತಕ್ಕೆ ಅಗರ್ ಬೇರೆಯಾಗಿ ಮಾಡಿದೆ. ಅವತ್ತು ಫ್ಲಾಸ್ಕನ್ನು ಕೆನ್ನೆಗೆ ಇಟ್ಟಾಗ ಬಿಸಿಯೋ ತಣ್ಣಗೋ ತಿಳಿಯಲೇ ಇಲ್ಲ, ನನ್ನ ಕೆನ್ನೆಯೇ ಸುಡುತ್ತಿತ್ತು. ಕೊನೆಗೆ ಥರ್ಮಾಮೀಟರ್ ಹುಡುಕಿದೆ. ಹೊಸ ಹುಡುಗಿ ಈ ಸಲ ನಗದೆ ತಂದುಕೊಟ್ಟಳು. ಗಾಳಿ ಹೊರಬರದ ಗಾಜಿನ ಗೂಡಿನೊಳಗೆ ಕೈ ಹಾಕಿ, ತಂತಿಯ ಬಳೆಯನ್ನು ಬೆಂಕಿಯಲ್ಲಿ ಕಾಯಿಸಿ ಆರಿಸಿ, ನಿನ್ನ ರಕ್ತವನ್ನು ಅಗರ್ ಮೇಲೆ ಗೆರೆಗೆರೆಯಾಗಿ ಎಳೆದೆ. ನೂರಾರು ಜನರದ್ದು ಎಳೆದಿದ್ದೇನೆ, ಒಡಹುಟ್ಟಿದವಳದ್ದಲ್ಲ.

ಆಮೇಲೆ ದಿನವೂ ಬೆಳಿಗ್ಗೆ ಪೆಟ್ಟಿಗೆಯ ಬಾಗಿಲು ತೆಗೆಯುವುದು, ಮುಚ್ಚಳದ ಮೇಲಿಂದಲೇ ನೋಡುವುದು. ಖಾಲಿ. ಖಾಲಿ ಇದ್ದಷ್ಟು ದಿನವೂ ಆಸೆ. ವರದಿ ತಪ್ಪಾಗಿರಬಹುದು, ನಾನು ತಪ್ಪಾಗಿರಬಹುದು, ನೀನು ಬೈದದ್ದೆಲ್ಲ ಸರಿಯಾಗಿರಬಹುದು. ನಾನು ಕಲಿತದ್ದೆಲ್ಲ ಸುಳ್ಳಾಗಲಿ ಎಂದು ಬೇಡಿಕೊಂಡದ್ದು ಇದೇ ಮೊದಲು.

ಇವತ್ತು ಬೆಳೆದಿದೆ. ಅದೇ ಇಬ್ಬನಿ ಹನಿಗಳು.

ನಿನ್ನಿಂದ ಮುಚ್ಚಿಡಬಾರದೆಂದು ಬರೆಯುತ್ತಿದ್ದೇನೆ. ನಮ್ಮ ಔಷಧಕ್ಕೆ ಅದು ಬಗ್ಗುತ್ತದೆ, ಡ್ರೈವರ ರಕ್ತದಲ್ಲಿ ಸಿಕ್ಕಿದ್ದನ್ನು ಅಗರ್ ಮೇಲೆಯೇ ಪರೀಕ್ಷಿಸಿ ನೋಡಿದ್ದಾರೆ. ಆದರೆ ಮಗುವಿನ ವಿಷಯದಲ್ಲಿ ಭರವಸೆ ಕೊಡಲು ನನ್ನ ಹತ್ತಿರ ಯಾವ ಪ್ಲೇಟೂ ಇಲ್ಲ. ಹೆದರಿಕೆಯಾಗುತ್ತದೆ.

ಅಕ್ಕ


ಜೂನ್ ೧೭

ಅಕ್ಕಾ,

ಸರಕಾರದವರು ಬಂದರು, ಎಲ್ಲದರ ರಕ್ತ ತೆಗೆದರು, ವರದಿ ಬಂದ ಮೇಲೆ ಲಾರಿ ತಂದರು. ಕಪ್ಪಿ, ಚುಕ್ಕಿ, ಗಂಟೆ, ಮುದುಕಿ ಎಲ್ಲ ಹೋದವು. ಮೂರೇ ಮೂರು ಉಳಿದಿವೆ, ಅವನ್ನೂ ಬೇರೆ ಕಟ್ಟಿದ್ದೇವೆ. ಚುಕ್ಕಿ ಹತ್ತಲಾರೆ ಎಂದು ಕಾಲು ಊರಿ ನಿಂತಿತು. ನಾನು ಮುಂದೆ ಹೋಗಿ "ಬಾ" ಅಂದೆ. ನನ್ನ ದನಿ ಕೇಳಿ ಹತ್ತಿಬಿಟ್ಟಿತು. ಅದೊಂದು ನನಗೆ ಮರೆಯಲಾಗುವುದಿಲ್ಲ.

ಹಾಲು ಹಾಕಿಸಿಕೊಳ್ಳುತ್ತಿದ್ದ ಮನೆಗಳಿಗೆಲ್ಲ ನಾನೇ ಹೋಗಿ ಹೇಳಿದೆ. ಒಬ್ಬಳು ಮುಖಕ್ಕೇ ಬಾಗಿಲು ಹಾಕಿದಳು. ಒಬ್ಬಾಕೆ ಕೂರಿಸಿ ನೀರು ಕೊಟ್ಟು ಅತ್ತಳು. ಡ್ರೈವರ್ ಮಾವ ಈಗ ಮನೆಗೆ ಬಂದಿದ್ದಾರೆ, ಬಡಕಲಾಗಿದ್ದಾರೆ. "ನಿನ್ನ ಹೆಸರು ಹೇಳ್ದೇ ಇದ್ದು ಒಳ್ಳೇದು ಮಾಡ್ದೆ ಅಂದ್ಕೊಂಡಿದ್ದೆ ಕಣಮ್ಮ" ಅಂದರು.

ಮಗು ಒದೆಯುತ್ತಿದೆ. ಒದೆಯದೆ ಸ್ವಲ್ಪ ಹೊತ್ತಾದರೆ ಉಸಿರು ಬಿಗಿಹಿಡಿದು ಕೂರುತ್ತೇನೆ. ಇವರು ನನ್ನ ಮುಖವನ್ನೇ ನೋಡುತ್ತಿರುತ್ತಾರೆ. ಮತ್ತೆ ಒದ್ದಾಗ ಇಬ್ಬರೂ ಉಸಿರು ಬಿಡುತ್ತೇವೆ.

ಒಂದು ಕೇಳುತ್ತೇನೆ, ಸುತ್ತಿ ಬಳಸದೆ ಹೇಳು. ಮೊದಲನೆಯದೂ ಇದರಿಂದಲೇ ಹೋಯಿತಾ?

ಪುಟ್ಟಿ


ಜೂನ್ ೨೩

ಪುಟ್ಟೀ,

ಗೊತ್ತಿಲ್ಲ.

ಆಗ ಯಾರೂ ಪ್ಲೇಟು ಹಾಕಿರಲಿಲ್ಲ. ಹಾಕದ ಪ್ಲೇಟಿನಲ್ಲಿ ಏನು ಬೆಳೆಯುತ್ತಿತ್ತು ಎಂದು ನಾನು ಹೇಳಲಾರೆ, ಹೇಳಿದರೆ ಅದು ಸುಳ್ಳು. ಅವತ್ತು ಆಸ್ಪತ್ರೆಯಲ್ಲಿ ನಾನು ಅಂದದ್ದೂ ಗೊತ್ತಿದ್ದು ಅಂದದ್ದಲ್ಲ. ನಿನ್ನನ್ನು ಹಾಗೆ ನೋಡಲಾಗದೆ ಯಾರನ್ನಾದರೂ ಬೈಯಬೇಕಿತ್ತು, ಮೇಕೆಗಳು ಸಿಕ್ಕವು, ಮಾತು ನಿನಗೆ ತಗುಲಿತು. ಈಗ ಅದು ನಿಜವಿರಬಹುದು ಎಂದಾದರೂ ಆ ಮಾತು ಆಡಬಾರದಿತ್ತು.

ನನ್ನ ಜ್ವರ ಬಿಟ್ಟಿದೆ. ಮಾತ್ರೆ ತಪ್ಪಿಸಬೇಡ, ಚೆನ್ನಾಗಿದ್ದೇನೆ ಅನಿಸಿದರೂ ತಪ್ಪಿಸಬೇಡ.

ಅಕ್ಕ


ಅಕ್ಟೋಬರ್ ೬

ಅಕ್ಕಾ,

ಹೆಣ್ಣು. ಒಂದು ಕೈಯಲ್ಲಿ ಬರೆಯುತ್ತಿದ್ದೇನೆ, ಇನ್ನೊಂದು ಅವಳ ತಲೆಯ ಕೆಳಗಿದೆ. ಮೂಗು ನಿನ್ನದು, ಪಾಪ.

ಹಾಲು ಕುಡಿಸುವ ಮೊದಲು ಡಾಕ್ಟರಮ್ಮನನ್ನು, "ಇದನ್ನೂ ಕಾಯಿಸ್ಬೇಕಾ?" ಅಂತ ಕೇಳಿದೆ. ನಿಜವಾಗಿಯೂ ಹೆದರಿಯೇ ಕೇಳಿದ್ದು. ಅವರು ನಕ್ಕು, "ನಿಮ್ಮ ಔಷಧಿ ಮುಗಿದು ರಕ್ತ ಶುದ್ಧವಾಗಿದೆ, ಕುಡಿಸಿ. ಇದನ್ನೆಲ್ಲ ಯಾರಮ್ಮ ತಲೆಗೆ ತುಂಬಿದ್ದು?" ಅಂದರು. "ನಮ್ಮಕ್ಕ" ಅಂದೆ. ನಾವು ಮೂವರೂ ನಕ್ಕೆವು, ಆಮೇಲೆ ನಾನೊಬ್ಬಳೇ ಅಳುತ್ತಿದ್ದೆ.

ಹುಟ್ಟಿದ ಕೂಡಲೇ ಅವಳ ರಕ್ತ ತೆಗೆದು ನಿನ್ನ ಲ್ಯಾಬಿಗೆ ಕಳಿಸಿದ್ದಾರೆ. ವರದಿ ಬರಲು ತಡವಾಗುತ್ತದಂತೆ, ಪ್ಲೇಟು ಎಷ್ಟು ದಿನ ಇಡುತ್ತಾರೆ ಅಂತ ನನಗೂ ಈಗ ಗೊತ್ತು. ಅವಳು ಸೀನಿದರೂ ಸಾಕು, ಹಣೆ ಮುಟ್ಟಿ ಮುಟ್ಟಿ ಅವಳ ನಿದ್ದೆ ಕೆಡಿಸುತ್ತಿದ್ದೇನೆ.

ಆ ಪ್ಲೇಟಿನ ಕೊನೆಯ ಮಾತು ಕಾಗದದಲ್ಲಿ ಬರುವವರೆಗೆ ನಾನು ಕಾಯಲಾರೆ. ಫೋನ್ ಮಾಡು, ಎತ್ತುತ್ತೇನೆ. ಮಧ್ಯ ಬಾಯಿ ಹಾಕಿದರೂ ಪರವಾಗಿಲ್ಲ.

ಪುಟ್ಟಿ


ಅಕ್ಟೋಬರ್ ೨೬

ಪುಟ್ಟೀ,

ಇವತ್ತು ಫೋನಿನಲ್ಲಿ ನಾನು ಹೇಳಿದ್ದು ನಿನಗೆ ಪೂರ್ತಿ ಕೇಳಿಸಿತೋ ಇಲ್ಲವೋ. ಈ ಸಲ ಮಧ್ಯ ಬಾಯಿ ಹಾಕಿದವಳು ನಾನಲ್ಲ, ನಿನ್ನ ಮಗಳು. ಎಂಥ ಗಂಟಲು! ಆಮೇಲೆ ನೀನು, ಆಮೇಲೆ ನಾನು, ಯಾರು ಅಳುತ್ತಿದ್ದಾರೆಂದು ಗೊತ್ತಾಗದೆ ನಿನ್ನ ಗಂಡ ಫೋನ್ ಇಟ್ಟೇಬಿಟ್ಟರು.

ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಇಡಬೇಕಾದಷ್ಟು ದಿನ ಇಟ್ಟು, ಅದರ ಮೇಲೂ ಸ್ವಲ್ಪ ದಿನ ಇಟ್ಟು, ದೀಪಕ್ಕೆ ಹಿಡಿದು ನೋಡಿದ್ದೇನೆ. ಪ್ಲೇಟಿನಲ್ಲಿ ನಾನು ಎಳೆದ ಗೆರೆಗಳನ್ನು ಬಿಟ್ಟರೆ ಏನೂ ಇಲ್ಲ. ಏನೂ ಬೆಳೆದಿಲ್ಲ. ಮುಚ್ಚಳ ತೆಗೆಯಲಿಲ್ಲ, ಮೂಸಲಿಲ್ಲ.

ಶನಿವಾರದ ಬಸ್ಸಿಗೆ ಬರುತ್ತೇನೆ. ಡ್ರೈವರ್ ಮಾವ ಮತ್ತೆ ಕೆಲಸಕ್ಕೆ ಬಂದಿದ್ದಾರೆ, ಅವರ ಬಸ್ಸೇ. ಬಂದು, ಕೈ ತೊಳೆದು, ಅವಳ ನೆತ್ತಿಯನ್ನು ಮನಸಾರೆ ಮೂಸುತ್ತೇನೆ. ಅದಕ್ಕೆ ಮಾತ್ರ ಅಡ್ಡಿ ಮಾಡಬೇಡ.

ನಿನ್ನ
ಅಕ್ಕ